ಹಲಸಿನ ಕೊಂಬೆ ಮತ್ತು ಹದಿನೆಂಟು ಇಂಚಿನ ಬಾರು

ನನ್ನಲ್ಲಿ ಒಂದು ದುರ್ಗುಣವಿದೆ, ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ನನಗೆ ಗೊತ್ತಿಲ್ಲದ್ದನ್ನು ಹೇಳಿಕೊಡಲು ಬಂದರೆ, ಅವರು ಬಾಯಿ ತೆರೆಯುವ ಮೊದಲೇ ನನ್ನ ತುಟಿಯ ಎಡತುದಿ ತಾನಾಗಿ ಮೇಲಕ್ಕೆ ಹೋಗುತ್ತದೆ. ಬೇಕೆಂದು ಮಾಡುವುದಲ್ಲ, ಸೀನುವಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲವೇ, ಹಾಗೆ. ನಮ್ಮ ಮದುವೆಯ ಆಲ್ಬಂನಲ್ಲಿ ಪುರೋಹಿತರು ಮಂತ್ರ ಹೇಳಿಕೊಡುತ್ತಿರುವ ಫೋಟೋದಲ್ಲೂ ನನ್ನ ತುಟಿ ಹಾಗೇ ಇದೆಯೆಂದು ನನ್ನ ಹೆಂಡತಿ ಸರೋಜ ಬಂದವರಿಗೆಲ್ಲ ತೋರಿಸುತ್ತಾಳೆ. ನನ್ನ ಉದ್ಯೋಗವೂ ಇದಕ್ಕೆ ಗೊಬ್ಬರ ಹಾಕಿತು. ನಾನು ಜಮೀನು ಅಳೆಯುವ ಸರ್ವೆಯರ್ ಆಗಿದ್ದವನು. ಬದುವಿನ ಈ ಕಡೆ ಅಣ್ಣ, ಆ ಕಡೆ ತಮ್ಮ ನಿಂತು ಇಬ್ಬರೂ ತಮ್ಮ ತಮ್ಮ ಮಕ್ಕಳ ತಲೆ ಮುಟ್ಟಿ ಆಣೆ ಮಾಡುವಾಗ ಇಬ್ಬರನ್ನೂ ನಂಬದೆ ಸರಪಳಿ ಹಿಡಿದು ನಡೆಯಬೇಕಾದ ಕೆಲಸ ಅದು. ಹಾಗೆ ನಂಬದೆ ನಂಬದೆ ನಿವೃತ್ತಿಯಾಗುವ ಹೊತ್ತಿಗೆ, ಪೆಟ್ಟಿಗೆ ಅಂಗಡಿಯವನು ಬಿಸ್ಕತ್ತು ತಾಜಾ ಎಂದರೂ ಪೊಟ್ಟಣ ತಿರುಗಿಸಿ ನೋಡುವ ಮನುಷ್ಯನಾಗಿದ್ದೆ. ಜಗತ್ತಿನಲ್ಲಿ ಸರಿಯಾಗಿ ಅಳೆಯಬಲ್ಲವನು ಒಬ್ಬನೇ ಎಂದು ನನಗೆ ಅನಿಸುತ್ತಿತ್ತು. ಆ ಒಬ್ಬ ಯಾರೆಂದು ಹೇಳಿದರೆ ಜಂಬವಾಗುತ್ತದೆ.

ತೂಬಗೆರೆಯ ಹತ್ತಿರ ನಮ್ಮ ಮನೆ. ಹಿತ್ತಲಲ್ಲಿ ಒಂದು ಹಳೆಯ ಹಲಸಿನ ಮರ, ಅದರಾಚೆ ಮೋಟು ಗೋಡೆ, ಗೋಡೆಯಾಚೆ ಗೌರಮ್ಮನ ಹಸುವಿನ ಕೊಟ್ಟಿಗೆ. ಗೌರಮ್ಮ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಆ ಎರಡು ಹಸುವಿನಿಂದಲೇ ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಾಳೆ. ಒಂದು ಶುಕ್ರವಾರ ಸಾಯಂಕಾಲ ಬೀಸಿದ ಗಾಳಿಗೆ ನಮ್ಮ ಹಲಸಿನ ಬಹುದೊಡ್ಡ ಕೊಂಬೆಯೊಂದು ಬುಡದಲ್ಲೇ ಸೀಳಿ ಕೆಳಕ್ಕೆ ಜಗ್ಗಿತು. ಪೂರ್ತಿ ಮುರಿಯಲೂ ಇಲ್ಲ. ಸೀಳಿದ ಕಡೆ ಮರಕ್ಕೇ ಅಂಟಿಕೊಂಡು, ನಡುವಿನಲ್ಲಿ ನಮ್ಮ ಮೋಟು ಗೋಡೆಯ ಮೇಲೆ ಭಾರ ಬಿಟ್ಟು, ತಲೆಯನ್ನು ಕೊಟ್ಟಿಗೆಯ ಶೀಟಿನ ಮೇಲೆ ಚಾಚಿಕೊಂಡು ನಿಂತಿತು. ಗೋಡೆ ಆಗಲೇ ಬಿರುಕು ಬಿಟ್ಟಿತ್ತು. ಅದು ಕುಸಿದರೆ ಕೊಂಬೆ ನೇರವಾಗಿ ಕೊಟ್ಟಿಗೆಯೊಳಗೆ. ಒಳಗೆ ದಿನ ತುಂಬಿದ ಹಸು.

"ಅಣ್ಣಾ, ಇವತ್ತೋ ನಾಳೆಯೋ ಕರು ಹಾಕೋ ಹಂಗದೆ. ಅದು ಬೀಳೋದ್ರೊಳಗೆ ಏನಾರ ಮಾಡಣ್ಣಾ" ಎಂದು ಗೌರಮ್ಮ ಗೋಡೆಯಾಚೆಯಿಂದ ಹೇಳಿದಳು. ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದ್ದರಿಂದ ಮಾಡಲೇಬೇಕಾಯಿತು.

ನಮ್ಮ ಕಡೆ ಮರ ಕೊಯ್ಯುವವನೆಂದರೆ ಮುನಿರಾಜು. ಶನಿವಾರ ಬೆಳಿಗ್ಗೆ ಬಂದು ಮರವನ್ನು ಮೂರು ಸುತ್ತು ಸುತ್ತಿದ. ಕೊಂಬೆಯನ್ನು ಮುಟ್ಟಿದ, ಬಗ್ಗಿ ನೋಡಿದ, ಗೋಡೆಗೆ ಕಿವಿ ಕೊಟ್ಟ. ಹೆಣ್ಣು ನೋಡಲು ಬಂದವರೂ ಇಷ್ಟು ಹೊತ್ತು ನೋಡುವುದಿಲ್ಲ. ಅವನ ಸ್ಕೂಟರಿನ ಮುಂದೆ ಇಟ್ಟಿದ್ದ ಮರ ಕೊಯ್ಯುವ ಮಿಷನ್ನನ್ನು ನಾನು ನೋಡಿದೆ. ಹಿಡಿಗೆ ಸೈಕಲ್ ಟ್ಯೂಬು ಸುತ್ತಿತ್ತು, ಮುಚ್ಚಳಕ್ಕೆ ತಂತಿ ಬಿಗಿದಿತ್ತು, ಬಣ್ಣ ಯಾವುದಿತ್ತೆಂದು ಅದಕ್ಕೇ ಮರೆತುಹೋಗಿತ್ತು. ನನ್ನ ತುಟಿ ಮೇಲೆ ಹೋಯಿತು.

"ಗುರುವಾರ ಬೆಳಿಗ್ಗೆ ಬರ್ತೀನಿ ಸಾರ್. ಅಲ್ಲಿಗಂಟ ಒಂದು ಕಡೆ ಒಪ್ಕೊಂಡಿದೀನಿ. ಹಸುನ ಮಾತ್ರ ಅಲ್ಲಿಂದ ಬೇರೆ ಕಡೆ ಕಟ್ಸಿ" ಎಂದ.

ಗುರುವಾರ ಬರುತ್ತೇನೆ ಎಂದವರು ಗುರುವಾರ ಬಂದ ಉದಾಹರಣೆ ನನ್ನ ಜೀವನದಲ್ಲಿ ಇರಲಿಲ್ಲ. ಅವನು ಹೋದ ಮೇಲೆ ಸರೋಜಳಿಗೆ ಹೇಳಿದೆ: "ಆ ಡಕೋಟ ಮಿಷನ್ ಇಟ್ಕೊಂಡು ಇವನಿಗೆ ಇಷ್ಟು ಜಂಬ. ನಾನೇ ಒಂದು ತಗೊಂಡು ಬಂದು ಒಂದು ಗಂಟೇಲಿ ಕೊಯ್ದು ಹಾಕ್ತೀನಿ ನೋಡ್ತಿರು." ಅವಳು ನೋಡುತ್ತಿದ್ದಳು, ಆದರೆ ನನ್ನನ್ನಲ್ಲ. ಗೌರಮ್ಮನ ಹಸುವನ್ನು ಎಲ್ಲಿ ಕಟ್ಟಬಹುದೆಂದು ನಮ್ಮ ಕಾರಿನ ಶೆಡ್ಡನ್ನು ನೋಡುತ್ತಿದ್ದಳು. ಸಂಜೆಗೆ ನನ್ನ ಕಾರು ಬೀದಿಯಲ್ಲಿತ್ತು, ಶೆಡ್ಡಿನಲ್ಲಿ ಎರಡು ಹಸುಗಳಿದ್ದವು.

ಅವತ್ತು ಮಧ್ಯಾಹ್ನವೆಲ್ಲ ಫೋನಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಗಡ್ಡದ ದೊರೆ ಹಿಮದಲ್ಲಿ ನಿಂತು ನೆಟ್ಟಗಿನ ಮರವೊಂದನ್ನು ಬೆಣ್ಣೆಯಂತೆ ಕೊಯ್ದ. ಅವನಿಗೆ ಹಲಸಿನ ಅಂಟು ಗೊತ್ತೇ? ಇನ್ನೊಬ್ಬ ನಮ್ಮ ಕನ್ನಡದವನೇ, "ಹಾಯ್ ಫ್ರೆಂಡ್ಸ್" ಎಂದು ಶುರುಮಾಡಿ ಹತ್ತು ನಿಮಿಷ ರಟ್ಟಿನ ಪೆಟ್ಟಿಗೆಯನ್ನೇ ತಿರುಗಿಸಿ ತಿರುಗಿಸಿ ತೋರಿಸಿದ. ಮಿಷನ್ನು ಹೊರಗೆ ತೆಗೆಯುವ ಹೊತ್ತಿಗೆ ಲೈಕ್ ಮಾಡಿ ಎಂದು ಬೇಡಿಕೊಂಡು ಮುಗಿಸಿಬಿಟ್ಟ. ಮೂರನೆಯವನು ಚೈನನ್ನು ಹೇಗೆ ಹಾಕಬೇಕೆಂದು ನಿಧಾನವಾಗಿ ವಿವರಿಸುತ್ತಿದ್ದ. ಸರಪಳಿ ಹಿಡಿದೇ ಕೂದಲು ಬೆಳ್ಳಗೆ ಮಾಡಿಕೊಂಡ ನನಗೆ ಚೈನಿನ ಪಾಠವೇ ಎಂದು ಅದನ್ನು ನಡುವೆಯೇ ನಿಲ್ಲಿಸಿದೆ. ಆ ನಿಲ್ಲಿಸಿದ ಜಾಗದ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ.

ಭಾನುವಾರ ದೊಡ್ಡಬಳ್ಳಾಪುರದಲ್ಲಿ ಪಂಪು, ಸ್ಪ್ರೇಯರ್ ಇತ್ಯಾದಿ ಮಾರುವ ಅಂಗಡಿಗೆ ಹೋದೆ. ಅಂಗಡಿಯ ಮಾಲೀಕ ನಾಗೇಂದ್ರ ಡೊಳ್ಳುಹೊಟ್ಟೆಯ, ಅವಸರವಿಲ್ಲದ ಮನುಷ್ಯ. ಮೊದಲು ಅವನು ಕೇಳಿದ್ದು, "ಎಷ್ಟು ಮರ ಕೊಯ್ಯೋದಿದೆ ಸಾರ್?"

"ಒಂದು ಕೊಂಬೆ. ತೂಬಗೆರೆ ಹತ್ರ."

"ಒಂದ್ ಕೊಂಬೆಗೆ ಮಿಷನ್ ಯಾಕೆ ಸಾರ್? ನಿಮ್ ಕಡೆ ಮುನಿರಾಜು ಇದಾನಲ್ಲ, ಅವನಿಗೆ ಹೇಳಿ."

ಮಾರಲು ಕುಳಿತವನೇ ಬೇಡ ಎನ್ನುವುದು ವ್ಯಾಪಾರದ ಹೊಸ ತಂತ್ರವಿರಬೇಕೆಂದು ಗಟ್ಟಿಯಾಗಿ ನಿಂತೆ. ಬ್ಯಾಟರಿಯದು ತೋರಿಸಿದ. ಮಕ್ಕಳ ಆಟದ ಸಾಮಾನಿನ ಹಾಗಿತ್ತು. ವೈರು ಚುಚ್ಚುವ ಕರೆಂಟಿನದು ತೋರಿಸಿದ. ನಮ್ಮೂರಿನ ಕರೆಂಟನ್ನು ನಂಬಿ ಕೊಂಬೆಯ ಕೆಳಗೆ ನಿಲ್ಲುವಷ್ಟು ನನಗೆ ಬದುಕು ಬೇಸರವಾಗಿರಲಿಲ್ಲ. ಕೊನೆಗೆ ಪೆಟ್ರೋಲಿನದು ಇಳಿಸಿದ. ಕಿತ್ತಳೆ ಬಣ್ಣ, ಹಗುರ, ಮುಂದಕ್ಕೆ ನಾಲಿಗೆಯಂತೆ ಚಾಚಿಕೊಂಡ ಉಕ್ಕಿನ ಪಟ್ಟಿ. ಅದಕ್ಕೆ ಬಾರ್ ಎನ್ನುತ್ತಾರಂತೆ. ಅದರ ಅಂಚಿನ ಸಣ್ಣ ಕಾಲುವೆಯಲ್ಲಿ ಹಲ್ಲಿನ ಚೈನು ಓಡುತ್ತದೆ.

"ಹದಿನೆಂಟು ಇಂಚಿನ ಬಾರು ಸಾರ್. ಈ ಇಂಜಿನ್‌ಗೆ ಅದೇ ಸರಿ."

ನನ್ನ ಜೇಬಿನಲ್ಲಿ ಯಾವಾಗಲೂ ಟೇಪು ಇರುತ್ತದೆ. ಪಕ್ಕದಲ್ಲಿ ತೂಗುಹಾಕಿದ್ದ ಅಂಥದೇ ಬಿಡಿ ಬಾರನ್ನು ಇಳಿಸಿ ಈ ತುದಿಯಿಂದ ಆ ತುದಿಗೆ ಅಳೆದೆ. ಇಪ್ಪತ್ತು ಇಂಚಿಗಿಂತ ಹೆಚ್ಚು ಬಂತು. "ಏನಪ್ಪಾ ಇದು? ಬರೆದಿರೋದೊಂದು, ಇರೋದೊಂದು!" ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ.

"ಒಳಗಡೆ ಕೂತ್ಕೊಳ್ಳೋ ಭಾಗ ಲೆಕ್ಕಕ್ಕಿಲ್ಲ ಸಾರ್. ಆಚೆ ಕಾಣೋದು, ಕೊಯ್ಯೋದು ಮಾತ್ರ ಹದಿನೆಂಟು" ಎಂದ ಶಾಂತವಾಗಿ. ಎಂತೆಂಥ ಭೂಗಳ್ಳರನ್ನು ನೋಡಿದವನು ನಾನು. ಒಳಗಡೆ ಇರುವುದು ಲೆಕ್ಕಕ್ಕಿಲ್ಲ ಎಂಬ ಮಾತನ್ನು ಎಷ್ಟು ಸಲ ಕೇಳಿಲ್ಲ! ಒಂದು ನಗು ನಕ್ಕು ಮಿಷನ್ನು ಕಟ್ಟಿಸಿಕೊಂಡೆ. ಚೈನು ಬಿಚ್ಚಿ ಹಾಕಿ ತೋರಿಸುತ್ತೇನೆ, ಚಾಲೂ ಮಾಡಿ ತೋರಿಸುತ್ತೇನೆ, ಹದ ಹೇಳಿಕೊಡುತ್ತೇನೆ ಎಂದು ಅವನು ಹಿಂದೆಯೇ ಬಂದ. ಬೇಡ ಎಂದೆ. ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕೆಂದು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ತುರುಕಿದ. ಅದೊಂದು ಚೀಟಿಯಿಂದಲೇ ಆ ಇಂಜಿನ್ನು ಇವತ್ತಿಗೂ ಬದುಕಿದೆ.

ಮನೆಗೆ ಬಂದು ಕೊಂಬೆಯ ದಪ್ಪ ಅಳೆದೆ. ಇಪ್ಪತ್ತು ಇಂಚು. ಹದಿನೆಂಟರಿಂದ ಇಪ್ಪತ್ತನ್ನು ಕೊಯ್ಯುವುದು ಹೇಗೆ? ಎರಡು ಕಡೆಯಿಂದಲೂ ಕೊಯ್ಯಬಹುದು ಎಂಬುದು ನನಗೆ ಹೊಳೆಯಲಿಲ್ಲವೆಂದಲ್ಲ. ಗೋಡೆಯ ಮೇಲಿಂದ ಗೌರಮ್ಮ ಅದನ್ನೇ ಹೇಳಿದಳು, "ಈ ಕಡೆಯಿಂದಷ್ಟು ಆ ಕಡೆಯಿಂದಷ್ಟು ಕೊಯ್ದ್ರೆ ಆಗಲ್ವಾ ಅಣ್ಣಾ?" ಎಂದು. ಹಸು ಸಾಕುವವಳು ಹೇಳಿದ ಮೇಲೆ ಅದು ಸರಿಯಿರಲು ಹೇಗೆ ಸಾಧ್ಯ ಎಂದು ನಾನು ಇಪ್ಪತ್ತೆರಡು ಇಂಚಿನ ಬಾರು ತರಲು ನಿರ್ಧರಿಸಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಮಂಗಳವಾರ ತ್ಯಾಮಗೊಂಡ್ಲುವಿನಲ್ಲಿ ಒಂದು ಮದುವೆಯಿತ್ತು. ಊಟ ಮುಗಿಸಿ ನೆಲಮಂಗಲಕ್ಕೆ ಹೋಗಿ ಇಂಥದೇ ಒಂದು ಅಂಗಡಿ ಹುಡುಕಿದೆ. ಗಲ್ಲೆಯಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬರು ನಟ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುತ್ತ ಕುಳಿತಿದ್ದರು.

"ಯಜಮಾನ್ರು ಇಲ್ವಾ?" ಎಂದೆ.

"ನಾನೇ. ಹೇಳಿ, ಏನ್ ಬೇಕಿತ್ತು?"

ತುಟಿ ಮೇಲೆ ಹೋಯಿತು. ಇಪ್ಪತ್ತೆರಡು ಇಂಚಿನ ಬಾರು, ಅದಕ್ಕೊಪ್ಪುವ ಚೈನು ಎಂದೆ. ಆಕೆ ತಲೆ ಎತ್ತದೆ ಮೂರು ಪ್ರಶ್ನೆ ಕೇಳಿದರು. "ಪಿಚ್ ಎಷ್ಟು? ಗೇಜ್ ಎಷ್ಟು? ಕೆಳಗಡೆ ನಾಲಿಗೆ ಎಷ್ಟಿದಾವೆ?" ಆಮೇಲೆ ಒಂದು ಹಳೆಯ ಚೈನು ಹಿಡಿದು ತೋರಿಸಿದರು. ಚೈನಿನ ಮೇಲುಗಡೆ ಕೊಯ್ಯುವ ಹಲ್ಲುಗಳು, ಕೆಳಗಡೆ ಪುಟ್ಟ ನಾಲಿಗೆಗಳು. ಆ ನಾಲಿಗೆಗಳು ಬಾರಿನ ಕಾಲುವೆಯಲ್ಲಿ ಇಳಿಯಬೇಕು. ಅವುಗಳ ದಪ್ಪವೇ ಗೇಜು. ಮಿಷನ್ನಿನೊಳಗಿನ ಹಲ್ಲುಚಕ್ರಕ್ಕೆ ಅವು ಸರಿಯಾಗಿ ಕಚ್ಚಬೇಕು. ಅದಕ್ಕೆ ಅವುಗಳ ನಡುವಿನ ಅಂತರ ಒಂದೇ ಇರಬೇಕು, ಅದು ಪಿಚ್ಚು. ಇನ್ನು ಬಾರು ಉದ್ದವಾದಷ್ಟೂ ನಾಲಿಗೆಗಳ ಸಂಖ್ಯೆ ಹೆಚ್ಚು. "ಮೂರೂ ಹೊಂದ್ಬೇಕು ಸಾರ್. ಒಂದು ಹೊಂದ್ಲಿಲ್ಲ ಅಂದ್ರೂ ಚೈನು ಓಡಲ್ಲ. ನಿಮ್ ಸಣ್ಣ ಇಂಜಿನ್‌ಗೆ ಇಷ್ಟುದ್ದದ ಬಾರು ಭಾರಾನೂ ಆಗುತ್ತೆ. ಮಿಷನ್ ತಂದು ತೋರ್ಸಿ, ನೋಡಿ ಕೊಡ್ತೀನಿ."

ಅಷ್ಟು ಚೆನ್ನಾಗಿ ಹೇಳಿದರು. ನನಗೆ ಅರ್ಥವೂ ಆಯಿತು. ಆದರೂ ಜೇಬಿನಿಂದ ನನ್ನ ಚೀಟಿ ತೆಗೆದೆ. ಮನೆಯಲ್ಲೇ ಚೈನಿನ ಒಂದು ರಿವೆಟ್ಟಿನಿಂದ ಪಕ್ಕದ ರಿವೆಟ್ಟಿಗೆ ಅಳೆದು ಬರೆದುಕೊಂಡಿದ್ದೆ. "ಹಂಗೆ ಅಳೀಬಾರ್ದು. ಮೂರು ರಿವೆಟ್ ಹಿಡಿದು, ಬಂದಿದ್ರಲ್ಲಿ ಅರ್ಧ ಮಾಡ್ಬೇಕು" ಎಂದರು ಆಕೆ.

"ಅಳತೆ ನಂದು ಅಮ್ಮ. ನೀವು ಕೊಡಿ."

ಕೊಟ್ಟರು. ಕೊಡುವಾಗ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ನಾನು ಬದುವಿನ ಮೇಲೆ ನಿಂತು ಅನೇಕರನ್ನು ಹಾಗೆ ನೋಡಿದ್ದೇನೆ.

ಬುಧವಾರ ಬೆಳಿಗ್ಗೆಯಿಂದ ಹಿತ್ತಲಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತೆ. ಹಳೆಯ ಬಾರು, ಚೈನು ಬಿಚ್ಚಿದೆ. ಹೊಸ ಬಾರು ಕೂರಿಸಿದೆ. ಹೊಸ ಚೈನು ಬಾರಿನ ಕಾಲುವೆಯೊಳಗೆ ಇಳಿಯಿತು. ಆದರೆ ಒಳಗಿನ ಹಲ್ಲುಚಕ್ರದ ಮೇಲೆ ಕೂರಲೊಲ್ಲದು. ಒಂದು ನಾಲಿಗೆ ಕಚ್ಚಿದರೆ ಮುಂದಿನದು ಹಲ್ಲಿನ ತಲೆಯ ಮೇಲೆ ಹತ್ತಿ ನಿಲ್ಲುತ್ತದೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ. ಜೋರಾಗಿ ತಟ್ಟಿದೆ. ಸರೋಜ ಅಕ್ಕಿ ಆರಿಸುವ ಮೊರ ಹಿಡಿದು ಬಂದು ಪಕ್ಕದಲ್ಲಿ ಕುಳಿತಳು. ಅವಳು ದೊಡ್ಡಬಳ್ಳಾಪುರದ ನೇಕಾರರ ಮನೆಯ ಮಗಳು. ಪವರ್‌ಲೂಮಿನ ಸದ್ದು ನಿಂತರೆ ನಿದ್ದೆಯಿಂದ ಎಚ್ಚರವಾಗುತ್ತಿತ್ತು ಎನ್ನುವವಳು.

"ಮಗ್ಗಕ್ಕೆ ಚಕ್ರ ಬದಲಾಯಿಸೋವಾಗ ನಮ್ಮಪ್ಪ ಹಲ್ಲು ಎಣಿಸ್ತಿದ್ರು ಕಣ್ರೀ. ಟೇಪ್ ಹಿಡಿದಿದ್ದು ನಾ ನೋಡೇ ಇಲ್ಲ" ಎಂದಳು. ಆಮೇಲೆ ಬಿಚ್ಚಿಟ್ಟಿದ್ದ ಹಳೆಯ ಬಾರನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಕಣ್ಣಿಗೆ ಹತ್ತಿರ ಹಿಡಿದಳು. "ಇಲ್ಲೇ ಬುಡದಲ್ಲಿ ಏನೋ ನಂಬರ್ ಕೆತ್ತಿದಾರಲ್ರೀ. ಮೂರಿದಾವೆ."

ಮೂರಿದ್ದವು. ಪಿಚ್ಚು, ಗೇಜು, ನಾಲಿಗೆಯ ಸಂಖ್ಯೆ. ಕೊಳ್ಳುವವನು ತಡಕಾಡಬಾರದೆಂದು ಕಂಪನಿಯವರು ಉಕ್ಕಿನಲ್ಲೇ ಕೆತ್ತಿಟ್ಟಿದ್ದರು. ನನ್ನ ಚೀಟಿಯ ಪಿಚ್ಚಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. "ನಿಂಗೆ ಇದೆಲ್ಲ ಅರ್ಥ ಆಗಲ್ಲ, ಅಕ್ಕಿ ನೋಡು" ಎಂದೆ. ಅಷ್ಟರಲ್ಲಿ ಶೆಡ್ಡಿನಿಂದ ಗೌರಮ್ಮ ಕೂಗಿದಳು. ಹಸು ಕರು ಹಾಕುತ್ತಿತ್ತು. ಸರೋಜ ಮೊರ ಅಲ್ಲೇ ಬಿಟ್ಟು ಓಡಿದಳು, ಬೀದಿಯ ನಾಲ್ವರು ಹೆಂಗಸರೂ ಬಂದರು. ನನ್ನ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ನಡುಗುವ ಕಾಲಿನ ಒಂದು ಹೆಣ್ಣುಕರು ಎದ್ದು ನಿಂತಿತು. "ಕೊಂಬೆ ಕೆಳಗೇ ಕಟ್ಟಿದ್ರೆ ಏನ್ ಗತಿ ಆಗ್ತಿತ್ತೋ. ನಿಮ್ಮನೇಲಿ ಹುಟ್ಟಿದ್ದು ಅಣ್ಣಾ, ನೀವೇ ಹೆಸ್ರಿಡಿ" ಎಂದು ಗೌರಮ್ಮ ಕಣ್ಣೊರೆಸಿಕೊಂಡಳು. ಗ್ರೀಸಿನ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ ನನಗೆ ಒಂದು ಹೆಸರೂ ಹೊಳೆಯಲಿಲ್ಲ. ಎಲ್ಲರೂ ಕರುವಿನ ಸುತ್ತ ಇದ್ದಾಗ ಸದ್ದಿಲ್ಲದೆ ಹಿತ್ತಲಿಗೆ ಬಂದು, ಇಪ್ಪತ್ತೆರಡು ಇಂಚನ್ನು ಬಿಚ್ಚಿ, ಹದಿನೆಂಟು ಇಂಚಿನ ಹಳೆಯ ಬಾರು ಮತ್ತು ಚೈನನ್ನೇ ತಿರುಗಿ ಹಾಕಿ ಬಿಗಿ ಮಾಡಿದೆ. ಸಲೀಸಾಗಿ ಕೂತಿತು. ಹೊಂದುವ ವಸ್ತುಗಳು ಎಷ್ಟು ಸುಲಭವಾಗಿ ಹೊಂದುತ್ತವೆ ಎಂದು ಆಶ್ಚರ್ಯಪಟ್ಟೆ.

ಗುರುವಾರ ಬೆಳಿಗ್ಗೆ ಏಳಕ್ಕೆ, ಮುನಿರಾಜು ಬರುವುದಿಲ್ಲವೆಂಬ ಖಾತ್ರಿಯಲ್ಲಿ ಮಿಷನ್ನು ಎತ್ತಿಕೊಂಡೆ. ಸರೋಜ ಮತ್ತು ಗೌರಮ್ಮ ದೂರದಲ್ಲಿ ನಿಂತರು. ಕೊಂಬೆ ಎದೆಯ ಮಟ್ಟದಲ್ಲಿತ್ತು. ನಾನು ಗೋಡೆಗೂ ಮರಕ್ಕೂ ನಡುವೆ, ಕೊಂಬೆಯ ಕೆಳಮಗ್ಗುಲಲ್ಲಿ ನಿಂತೆ. ಹಗ್ಗ ಎಳೆದೆ, ಇಂಜಿನ್ನು ಅಬ್ಬರಿಸಿತು, ಕಾಗೆಗಳು ಹಾರಿಹೋದವು. ಎಂಥ ಆನಂದ! ಬಾರನ್ನು ಕೊಂಬೆಯ ಮೇಲಿಟ್ಟು ಒತ್ತಿದೆ. ಹೊಗೆ ಬಂತು. ಇನ್ನೂ ಒತ್ತಿದೆ. ಇನ್ನೂ ಹೊಗೆ ಬಂತು. ಹತ್ತು ನಿಮಿಷ ಮೈಯ ಭಾರವನ್ನೆಲ್ಲ ಬಿಟ್ಟ ಮೇಲೆ ನೋಡಿದರೆ ತೊಗಟೆ ಸುಟ್ಟು ದೋಸೆಕಾವಲಿಯ ಹಾಗೆ ಕಪ್ಪಾಗಿತ್ತು. ಕೊಯ್ದಿದ್ದು ಬೆರಳಗಲವೂ ಇಲ್ಲ. "ಈ ನಾಗೇಂದ್ರ ಮೊಂಡು ಚೈನು ಕೊಟ್ಟಿದಾನೆ! ಕಳ್ಳ!" ಎಂದು ಇಂಜಿನ್ನಿನ ಸದ್ದನ್ನೂ ಮೀರಿ ಕೂಗಿದೆ. ಯಾರೋ ಬೆನ್ನು ತಟ್ಟಿದರು. ಮುನಿರಾಜು.

ಅವನು ಕೈಚಾಚಿ ಇಂಜಿನ್ನು ನಿಲ್ಲಿಸಿದ. ಮಿಷನ್ನನ್ನು ನನ್ನ ಕೈಯಿಂದ ತೆಗೆದುಕೊಂಡು ಚೈನನ್ನು ಒಂದು ಸಲ ನೋಡಿದ. ಆಮೇಲೆ ದೂರದಲ್ಲಿದ್ದ ಇಬ್ಬರು ಹೆಂಗಸರಿಗೂ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು, ಎರಡು ನಟ್ಟು ಬಿಚ್ಚಿ, ಚೈನನ್ನು ತೆಗೆದು, ತಿರುಗಿಸಿ ಹಾಕಿದ. ಅಷ್ಟೇ. ಹಲ್ಲುಗಳೆಲ್ಲ ಹಿಂದುಮುಂದಾಗಿದ್ದವು. ಬೆನ್ನಿನಿಂದ ಕೊಯ್ಯಲು ಹೊರಟಿದ್ದೆ ನಾನು. ಸುತ್ತುವ ಚೈನಿಗೊಂದು ದಿಕ್ಕಿದೆ ಎಂಬುದು ನನ್ನ ತಲೆಗೆ ಬಂದೇ ಇರಲಿಲ್ಲ.

"ಸ್ವಲ್ಪ ಲೂಸ್ ಆಗಿತ್ತು ಸಾರ್, ಅಷ್ಟೇ. ಮಿಷನ್ ಒಳ್ಳೇದು ತಂದಿದೀರ" ಎಂದು ಹೆಂಗಸರಿಗೆ ಕೇಳುವಂತೆ ಹೇಳಿದ.

ಆದರೆ ಕೊಯ್ಯಲು ಹೋಗಲಿಲ್ಲ. ಸ್ಕೂಟರಿನಿಂದ ಹಗ್ಗ ತಂದ. ಕೊಂಬೆಯನ್ನು ಎರಡು ಕಡೆ ಬಿಗಿದು ಮೇಲಿನ ಕವಲಿಗೆ ಕಟ್ಟಿದ. ನಾನು ನಿಂತಿದ್ದ ಜಾಗವನ್ನು ತೋರಿಸಿ ಮೆಲ್ಲಗೆ ಹೇಳಿದ: "ಕೊಯ್ಯೋಕೆ ಮುಂಚೆ ಅದು ಎಲ್ಲಿಗ್ ಬರುತ್ತೆ ಅಂತ ನೋಡ್ಬೇಕು ಸಾರ್. ನೀವು ನಿಂತಿದ್ರಲ್ಲ, ಕೊಯ್ದಿದ್ರೆ ಇದು ಅಲ್ಲಿಗೇ ಉರುಳೋದು." ನಾನು ಆ ಜಾಗವನ್ನು ನೋಡಿದೆ. ನನ್ನ ಚಪ್ಪಲಿಯ ಗುರುತು ಹಾಗೇ ಇತ್ತು. ಚೈನನ್ನು ಸರಿಯಾಗಿ ಹಾಕುವಷ್ಟು ಬುದ್ಧಿ ನನಗಿದ್ದಿದ್ದರೆ ಇವತ್ತು ಈ ಪ್ರಬಂಧ ಬರೆಯಲು ನಾನಿರುತ್ತಿರಲಿಲ್ಲ.

ಮುನಿರಾಜು ಮೇಲಿನ ಮಗ್ಗುಲಿಗೆ ಹೋಗಿ ನಿಂತು, ನನ್ನ ಮಿಷನ್ನಿನಿಂದಲೇ, ಈ ಕಡೆಯಿಂದಷ್ಟು ಆ ಕಡೆಯಿಂದಷ್ಟು ಕೊಯ್ದ. ಹದಿನೆಂಟು ಇಂಚು ಬೇಕಾದಷ್ಟಾಯಿತು. ಇಪ್ಪತ್ತು ನಿಮಿಷದಲ್ಲಿ ಕೊಂಬೆ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಯಿತು. ಕೊಟ್ಟಿಗೆಯ ಶೀಟಿಗೆ ಒಂದು ಗೀರೂ ಬೀಳಲಿಲ್ಲ. ನಾನು ಅವನಿಗೆ ಥ್ಯಾಂಕ್ಸ್ ಹೇಳಬೇಕೆಂದುಕೊಂಡೆ. ಬಾಯಿಗೆ ಬಂದಿದ್ದು, "ಕಾಫಿ ಕುಡ್ಕೊಂಡು ಹೋಗಪ್ಪಾ" ಎಂದು. ಅವನಿಗೆ ಅರ್ಥವಾಯಿತೆಂದು ಕಾಣುತ್ತದೆ. ಎರಡು ಲೋಟ ಕುಡಿದ.

ಇದಾಗಿ ಎರಡು ತಿಂಗಳಿಗೆ ಸೂಲಿಬೆಲೆಯಲ್ಲಿರುವ ಸರೋಜಳ ತಮ್ಮ ಮಂಜುನಾಥ ವಿಡಿಯೋ ಕಾಲ್ ಮಾಡಿದ. ತೋಟದ ನೀಲಗಿರಿ ತೆಗೆಯಲು ಹೊಸ ಮಿಷನ್ನು ತಂದಿದ್ದನಂತೆ. "ಭಾವ, ಬರೀ ಹೊಗೆ ಬರ್ತದೆ, ಕೊಯ್ಯಲ್ಲ. ನಿಮಗೆ ಗೊತ್ತಂತಲ್ಲ, ಸ್ವಲ್ಪ ಹೇಳಿ ಭಾವ" ಎಂದ. ಫೋನನ್ನು ಚೈನಿನ ಹತ್ತಿರ ಹಿಡಿ ಎಂದೆ. ಹಿಡಿದ. ಅವನ ಹಿಂದೆ ಅವನ ಹೆಂಡತಿ, ಅತ್ತೆ, ಇಬ್ಬರು ಆಳುಗಳು ನಿಂತಿದ್ದರು. ಸ್ವಲ್ಪ ಲೂಸ್ ಆಗಿದೆ ಕಣೋ, ಬಿಚ್ಚಿ ತಿರುಗಿಸಿ ಹಾಕು ಎಂದರೆ ಆಗಿಹೋಗುತ್ತಿತ್ತು.

ಆದರೆ ತುಟಿ ಆಗಲೇ ಮೇಲೆ ಹೋಗಿತ್ತು. "ಅಯ್ಯೋ ಪೆದ್ದ! ಚೈನ್ ಉಲ್ಟಾ ಹಾಕಿದೀಯಲ್ಲೋ! ಸರೋಜಾ, ಬಾ ಇಲ್ಲಿ, ನಿನ್ ತಮ್ಮನ ಕಾರುಬಾರು ನೋಡು! ಇಷ್ಟೂ ಗೊತ್ತಿಲ್ಲದೋನು ಮಿಷನ್ ಯಾಕೋ ತಗೋತೀಯ?" ಎಂದು ಶುರು ಮಾಡಿದವನು ಪಿಚ್ಚು, ಗೇಜು, ನಾಲಿಗೆ, ಮೂರು ರಿವೆಟ್ಟಿನ ಅಳತೆ, ಹಗ್ಗ ಕಟ್ಟುವ ಕ್ರಮ ಎಲ್ಲವನ್ನೂ ಸೇರಿಸಿ ಕಾಲು ಗಂಟೆ ದಬಾಯಿಸಿದೆ. ಮಂಜುನಾಥ ಅಷ್ಟನ್ನೂ ತಲೆ ತಗ್ಗಿಸಿ ಕೇಳಿದ.

ಸರೋಜ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಫೋನಿನೊಳಗೆ ಇಣುಕಿದಳು. ತಮ್ಮನ ಮುಖ ನೋಡಿ ಅವಳಿಗೆ ಕನಿಕರವಾಗಿರಬೇಕು.

"ಹೋಗ್ಲಿ ಬಿಡೋ ಮಂಜು, ಬೇಜಾರ್ ಮಾಡ್ಕೋಬೇಡ. ನಿಮ್ ಭಾವನೂ ಹಿಂಗೇ ಹಾಕಿದ್ರು. ಮುನಿರಾಜು ತಿರುಗಿಸಿ ಹಾಕಿದ್ದನ್ನ ನಾನೂ ಗೌರಕ್ಕನೂ ನೋಡಿದ್ವಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೆತ್ತಗೆ ಹೇಳಿದಳು: "ನೀವು ನೊಂದ್ಕೋತೀರ ಅಂತ ಯಾರೂ ಹೇಳ್ಲಿಲ್ಲ ಕಣ್ರೀ."